ಸ್ಲೈಡ್‌ನ ಲಿಂಕ್ ಒತ್ತಿದಾಗ ಎಚ್ಚರಿಕೆಯ ಬಾಕ್ಸ್ ಬಂದರೆ ಏನು ಮಾಡಬೇಕು?

ಸಹಕಾರ ಸಂಘವೊಂದರ ವಾರ್ಷಿಕ ಮಹಾಸಭೆಗೆ ಒಮ್ಮೆ ಪವರ್‌ಪಾಯಿಂಟ್ ಮಾಡಿಕೊಟ್ಟಿದ್ದೆ. ಜಮಾ-ಖರ್ಚಿನ ಪಟ್ಟಿ ಎಕ್ಸೆಲ್‌ನಿಂದ ಲಿಂಕ್ ಆಗಿ ಬರುತ್ತಿತ್ತು. ಆಡಿಟ್ ವರದಿಯ ಪಿಡಿಎಫ್‌ಗೆ ಒಂದು ಬಟನ್ ಇಟ್ಟಿದ್ದೆ. ಹೊಸ ಗೋದಾಮಿನ ವಿಡಿಯೊ ಬೇರೆ. ಮನೆಯಲ್ಲಿ ನಾಲ್ಕು ಸಲ ಓಡಿಸಿ ನೋಡಿದ್ದೆ, ಎಲ್ಲ ಸಲೀಸಾಗಿತ್ತು. ಸಭೆಯಲ್ಲಿ ಕಾರ್ಯದರ್ಶಿಗಳ ಲ್ಯಾಪ್‌ಟಾಪ್‌ಗೆ ಹಾಕಿ ಆ ಬಟನ್ ಒತ್ತಿದ್ದೇ ತಡ, ಪರದೆಯ ನಡುವೆ ಒಂದು ಬಾಕ್ಸ್ ಬಂದು ಕೂತಿತು. ಕೆಲವು ಫೈಲ್‌ಗಳಲ್ಲಿ ವೈರಸ್ ಇರಬಹುದು, ಇದು ನಂಬುವಂಥ ಕಡೆಯಿಂದ ಬಂದದ್ದೇ ಎಂದು ಖಚಿತ ಮಾಡಿಕೊಳ್ಳಿ, ತೆರೆಯಬೇಕೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಇಂಗ್ಲಿಷ್ ಆದರೇನು, ವೈರಸ್ ಅನ್ನೋ ಪದ ಎಲ್ಲರಿಗೂ ಗೊತ್ತಲ್ವಾ? ಹಿಂದಿನ ಸಾಲಿನಿಂದ ಒಬ್ಬರು, "ಏನ್ರೀ, ನಮ್ಮ ಲೆಕ್ಕಕ್ಕೂ ವೈರಸ್ ಬಂತಾ?" ಎಂದರು. ಸಭೆಯೆಲ್ಲ ನಕ್ಕಿತು.

ತಪ್ಪು ನನ್ನದೇ. ನನ್ನ ಕಂಪ್ಯೂಟರ್‌ನಲ್ಲಿ ಎಂದೋ ಒಂದು ದಿನ ಈ ಬಾಕ್ಸ್‌ನ ಕಾಟ ತಡೆಯಲಾರದೆ, ವಿಂಡೋಸ್ ರಿಜಿಸ್ಟ್ರಿಗೆ (ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಕೈ ಹಾಕಿ ಅದನ್ನು ಬಂದ್ ಮಾಡಿದ್ದೆ. ಮಾಡಿದ್ದು ಮರೆತೂ ಹೋಗಿತ್ತು. ಆ ಸೆಟ್ಟಿಂಗ್ ನನ್ನ ಕಂಪ್ಯೂಟರ್‌ನದ್ದು, ಪ್ರೆಸೆಂಟೇಶನ್‌ನದ್ದಲ್ಲ. ಪೆನ್‌ಡ್ರೈವ್‌ನಲ್ಲಿ ಫೈಲ್ ಹೋಯಿತು, ಸೆಟ್ಟಿಂಗ್ ಮನೆಯಲ್ಲೇ ಉಳಿಯಿತು.

ಹಾಗಾಗಿ ಈ ಬರಹದಲ್ಲಿ ಎಚ್ಚರಿಕೆ ಆಫ್ ಮಾಡುವ ಉಪಾಯ ಹೇಳುತ್ತಿಲ್ಲ. ಎಚ್ಚರಿಕೆ ಬರುವ ಸಂದರ್ಭವೇ ಬಾರದ ಹಾಗೆ ಪ್ರೆಸೆಂಟೇಶನ್ ಮಾಡಿಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ. ವಿಂಡೋಸ್ ಮೇಲಿನ ಪವರ್‌ಪಾಯಿಂಟ್ ಅನ್ನೇ ಇಟ್ಟುಕೊಂಡು ಬರೆದಿದ್ದೇನೆ. ಮಿಕ್ಕವುಗಳ ಬಗ್ಗೆ ಕೊನೆಗೆ ಎರಡು ಮಾತು ಇದೆ.

ಮೊದಲು ಯಾವ ಎಚ್ಚರಿಕೆ ಅಂತ ನೋಡಿ

ಎಲ್ಲ ಎಚ್ಚರಿಕೆಯೂ ಒಂದೇ ಅಲ್ಲ. ಯಾವಾಗ ಬಂತು, ಎಲ್ಲಿ ಬಂತು ಅನ್ನುವುದರಿಂದಲೇ ಗುರುತು ಹಿಡಿಯಬಹುದು.

ಫೈಲ್ ತೆರೆದ ಕೂಡಲೇ ಮೇಲ್ಗಡೆ ಹಳದಿ ಪಟ್ಟಿ, ಪಕ್ಕದಲ್ಲಿ 'ಎನೇಬಲ್ ಎಡಿಟಿಂಗ್' ಬಟನ್ ಇದ್ದರೆ ಅದು ಪ್ರೊಟೆಕ್ಟೆಡ್ ವ್ಯೂ, ಅಂದರೆ ಫೈಲ್ ಅನ್ನು ಓದಲು ಮಾತ್ರ ಬಿಡುವ ಸುರಕ್ಷಿತ ನೋಟ. ಆಫೀಸ್ 2010ರಿಂದ ಇದೆ. ತೆರೆದ ಕೂಡಲೇ ನಡುವೆ ಬಾಕ್ಸ್ ಬಂದು 'ಅಪ್‌ಡೇಟ್ ಲಿಂಕ್ಸ್', 'ಕ್ಯಾನ್ಸಲ್' ಎಂದು ಎರಡು ಬಟನ್ ತೋರಿಸಿದರೆ, ಸ್ಲೈಡ್ ಒಳಗಿನ ಪಟ್ಟಿಯೋ ಚಾರ್ಟೋ ಬೇರೆ ಫೈಲ್‌ಗೆ ಕಟ್ಟಿಕೊಂಡಿದೆ ಎಂದರ್ಥ. ಹೊರಗಿನ ಮೀಡಿಯಾ ಅಥವಾ ಚಿತ್ರ ತಡೆಯಲಾಗಿದೆ ಎಂಬ ಪಟ್ಟಿ ಬಂದರೆ ವಿಡಿಯೊ, ಆಡಿಯೊ ಅಥವಾ ಫೋಟೊ ಫೈಲ್‌ನ ಹೊರಗಡೆ ಇದೆ. ಸ್ಲೈಡ್ ಶೋ ನಡೆಯುತ್ತಿರುವಾಗ ಏನನ್ನೋ ಒತ್ತಿದ ಮೇಲೆ ಬಂದರೆ ಅದು ಹೈಪರ್‌ಲಿಂಕ್ (ಒತ್ತಿದರೆ ಬೇರೆ ಕಡೆ ಕರೆದೊಯ್ಯುವ ಲಿಂಕ್) ಎಚ್ಚರಿಕೆ. ನನ್ನ ಮಾನ ಕಳೆದದ್ದು ಇದೇ.

ಇನ್ನೊಂದು ಕೆಂಪು ಪಟ್ಟಿ ಇದೆ. ಮ್ಯಾಕ್ರೋ (ಫೈಲ್‌ನೊಳಗೆ ಅಡಗಿಸಿಟ್ಟ ಸಣ್ಣ ಪ್ರೋಗ್ರಾಮ್) ಇರುವ ಫೈಲ್ ಇಂಟರ್ನೆಟ್‌ನಿಂದ ಬಂದಿದ್ದರೆ 2022ರಿಂದ ಆಫೀಸ್ ಅದನ್ನು ತಾನಾಗಿಯೇ ತಡೆಯುತ್ತದೆ. ಮಹಾಸಭೆಯ ಲೆಕ್ಕಕ್ಕೋ ಕಾಲೇಜಿನ ಸೆಮಿನಾರ್‌ಗೋ ಮ್ಯಾಕ್ರೋ ಬೇಕಾಗುವುದೇ ಅಪರೂಪ. ಯಾರೋ ಕಳಿಸಿದ ಸ್ಲೈಡ್‌ನಲ್ಲಿ ಅದು ಬಂದರೆ ಮುಚ್ಚಿಬಿಡಿ.

ಫೈಲ್ ನಿಮ್ಮದಲ್ಲದಿದ್ದರೆ

ಮುಂದಿನ ಉಪಾಯಗಳೆಲ್ಲ ನೀವೇ ಮಾಡಿದ ಫೈಲ್‌ಗೆ. ಬೇರೆಯವರು ಕಳಿಸಿದ್ದಾದರೆ ಎಚ್ಚರಿಕೆಯನ್ನು ಎಚ್ಚರಿಕೆ ಎಂದೇ ತಿಳಿಯಿರಿ. 2017ರ ಮಧ್ಯದಲ್ಲಿ ಬಿಲ್ಲು, ಪರ್ಚೇಸ್ ಆರ್ಡರ್ ಎಂಬ ಹೆಸರಿನಲ್ಲಿ ಪವರ್‌ಪಾಯಿಂಟ್ ಫೈಲ್‌ಗಳು ಇಮೇಲ್‌ನಲ್ಲಿ ಹರಿದಾಡಿದವು. ತೆರೆದರೆ 'ಲೋಡಿಂಗ್, ಪ್ಲೀಸ್ ವೇಟ್' ಎಂಬ ಒಂದು ಸಾಲು, ಅಷ್ಟೇ. ಅದನ್ನು ಕ್ಲಿಕ್ ಕೂಡ ಮಾಡಬೇಕಿರಲಿಲ್ಲ. ಮೌಸ್ ಅದರ ಮೇಲೆ ಹಾದರೆ ಸಾಕು, ಒಳಗಿನ ಲಿಂಕ್ ಪವರ್‌ಶೆಲ್ (ಕಂಪ್ಯೂಟರ್‌ಗೆ ನೇರವಾಗಿ ಆಜ್ಞೆ ಕೊಡುವ ವಿಂಡೋಸ್ ಸಾಧನ) ಓಡಿಸಲು ಹೊರಡುತ್ತಿತ್ತು. ಮ್ಯಾಕ್ರೋ ಇರಲೇ ಇಲ್ಲ. ಹೊಸ ಆಫೀಸ್‌ಗಳಲ್ಲಿ ಅದನ್ನು ತಡೆದು ನಿಲ್ಲಿಸಿದ್ದು ಇದೇ ಕಿರಿಕಿರಿಯ ಬಾಕ್ಸ್. ಅದಕ್ಕೂ ಮೊದಲು, 2014ರಲ್ಲಿ, ಪವರ್‌ಪಾಯಿಂಟ್ ಶೋ ಫೈಲ್‌ನೊಳಗಿನ ವಸ್ತು ದೂರದ ಸರ್ವರ್‌ನಿಂದ ಫೈಲ್ ಎಳೆದುಕೊಂಡು ಓಡಿಸುವ ದೋಷ ಸಿಕ್ಕಿತ್ತು. ಮೈಕ್ರೋಸಾಫ್ಟ್ ಅಕ್ಟೋಬರ್‌ನಲ್ಲಿ ಅದನ್ನು ಸರಿಪಡಿಸಿತು. ಹೀಗಾಗಿ ಹೊರಗಿನ ಫೈಲ್‌ಗೆ ಕೈ ಚಾಚುವ ಸ್ಲೈಡ್ ಅಂದರೆ ಆಫೀಸ್ ಅನುಮಾನ ಪಡುವುದೇ.

ಪರೀಕ್ಷೆ ಕಷ್ಟವೇನಲ್ಲ. ಎಡಿಟಿಂಗ್ ಶುರು ಮಾಡುವ ಮೊದಲು ಕಳಿಸಿದವರಿಗೇ ಒಂದು ಫೋನ್ ಮಾಡಿ. ಲಿಂಕ್ ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕೆಂದರೆ ಕಳಿಸಿದವರು ಹೌದೆಂದ ಮೇಲೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಎಡಿಟ್ ಲಿಂಕ್' ತೆಗೆಯಿರಿ, ಕೆಳಗೆ ವಿಳಾಸ ಕಾಣುತ್ತದೆ. ಕೊನೆಯಲ್ಲಿ ಡಾಟ್ ಇಎಕ್ಸ್‌ಇ, ಬಿಎಟಿ, ಎಸ್‌ಸಿಆರ್, ವಿಬಿಎಸ್, ಎಚ್‌ಟಿಎ, ಎಲ್‌ಎನ್‌ಕೆ ಇದ್ದರೆ ಮುಟ್ಟಬೇಡಿ, ಇವು ಒತ್ತಿದರೆ ಪ್ರೋಗ್ರಾಮ್ ಓಡಿಸುವ ಫೈಲ್‌ಗಳು. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಅದರಲ್ಲಿ ಶೋ, ಅದರಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಗೆ ಟಿಕ್ ಹಾಕಿಟ್ಟುಕೊಳ್ಳಿ. ಇಲ್ಲದಿದ್ದರೆ ಪಿಡಿಎಫ್ ಎಂಬ ಹೆಸರಿನ ಹಿಂದೆ ಅಡಗಿದ ಇಎಕ್ಸ್‌ಇ ಕಣ್ಣಿಗೆ ಬೀಳುವುದಿಲ್ಲ.

ಹಳದಿ ಪಟ್ಟಿ

ಇಂಟರ್ನೆಟ್‌ನಿಂದ, ಇಮೇಲ್‌ನಿಂದ, ವಾಟ್ಸಾಪ್ ವೆಬ್‌ನಿಂದ ಇಳಿಸಿದ ಫೈಲ್‌ಗೆ ವಿಂಡೋಸ್ ಒಂದು ಗುರುತು ಅಂಟಿಸುತ್ತದೆ. ಫೈಲ್‌ನ ಒಳಗಲ್ಲ, ಅದರ ಬೆನ್ನಿಗೆ ಅಂದುಕೊಳ್ಳಿ. ಆ ಗುರುತು ಕಂಡರೆ ಪವರ್‌ಪಾಯಿಂಟ್ ಹಳದಿ ಪಟ್ಟಿ ತೋರಿಸುತ್ತದೆ. ನೀವೇ ಮಾಡಿದ ಫೈಲ್ ಅನ್ನು ನಿಮಗೇ ಮೇಲ್ ಮಾಡಿಕೊಂಡು ಇಳಿಸಿದರೂ ಅಷ್ಟೇ.

ಫೈಲ್ ನಿಮ್ಮದೇ ಅಂತ ಗೊತ್ತಿದ್ದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಜನರಲ್ ಪುಟದ ಕೆಳತುದಿಯಲ್ಲಿ 'ಅನ್‌ಬ್ಲಾಕ್' ಇರುತ್ತದೆ. ಟಿಕ್ ಹಾಕಿ ಓಕೆ ಒತ್ತಿದರೆ ಗುರುತು ಹೋಯಿತು. ಹತ್ತು ಫೈಲ್ ಒಂದು ಜಿಪ್‌ನಲ್ಲಿ ಬಂದಿದ್ದರೆ ಮೊದಲು ಜಿಪ್ ಅನ್ನೇ ಅನ್‌ಬ್ಲಾಕ್ ಮಾಡಿ, ಆಮೇಲೆ ಬಿಚ್ಚಿ. ಮೊದಲೇ ಬಿಚ್ಚಿದರೆ ಜಿಪ್‌ನ ಗುರುತು ಒಳಗಿನ ಫೈಲ್‌ಗಳಿಗೂ ಹತ್ತುತ್ತದೆ, ಒಂದೊಂದನ್ನೇ ತೆಗೆಯುತ್ತಾ ಕೂರಬೇಕು.

ಪೆನ್‌ಡ್ರೈವ್‌ನಲ್ಲಿ ತಂದ ಫೈಲ್‌ಗೆ ಈ ಪಟ್ಟಿ ಬರುವುದಿಲ್ಲವಲ್ಲ ಅಂತ ಕೆಲವರು ಕೇಳುತ್ತಾರೆ. ಹೆಚ್ಚಿನ ಪೆನ್‌ಡ್ರೈವ್‌ಗಳು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಪದ್ಧತಿಯವು. ಆ ಗುರುತು ಇಟ್ಟುಕೊಳ್ಳಲು ಅದರಲ್ಲಿ ಜಾಗವೇ ಇಲ್ಲ, ಕಾಪಿ ಆಗುವಾಗ ಉದುರಿಹೋಗುತ್ತದೆ. ಫೈಲ್ ಒಳ್ಳೆಯದಾಯಿತು ಅಂತ ಅದರ ಅರ್ಥವಲ್ಲ. ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ಗೆ ಹೋಗಿ ಬಂದ ಪೆನ್‌ಡ್ರೈವ್ ಬಗ್ಗೆ ನಾನು ಹಳದಿ ಪಟ್ಟಿಗಿಂತ ಜಾಸ್ತಿ ಹೆದರುತ್ತೇನೆ.

'ಅಪ್‌ಡೇಟ್ ಲಿಂಕ್ಸ್' ಒತ್ತಬೇಕಾ, ಬೇಡ್ವಾ?

ಎಕ್ಸೆಲ್‌ನಿಂದ ಪಟ್ಟಿ ಕಾಪಿ ಮಾಡಿ 'ಪೇಸ್ಟ್ ಸ್ಪೆಷಲ್'ನಲ್ಲಿ 'ಪೇಸ್ಟ್ ಲಿಂಕ್' ಕೊಟ್ಟಾಗ ಈ ಜೀವಂತ ಸಂಬಂಧ ಹುಟ್ಟುತ್ತದೆ. ಎಕ್ಸೆಲ್‌ನಲ್ಲಿ ಅಂಕಿ ಬದಲಾದರೆ ಸ್ಲೈಡ್‌ನಲ್ಲೂ ಬದಲಾಗುತ್ತದೆ. ತಯಾರಿಯ ದಿನಗಳಲ್ಲಿ ಇದರಷ್ಟು ಅನುಕೂಲ ಇನ್ನೊಂದಿಲ್ಲ. ಸಭೆಯ ದಿನ ಇದರಷ್ಟು ತಲೆನೋವೂ ಇನ್ನೊಂದಿಲ್ಲ.

ಯಾಕೆ ಅಂದರೆ, ಫೈಲ್ ತೆರೆದಾಗ ಬರುವ ಬಾಕ್ಸ್‌ನಲ್ಲಿ 'ಕ್ಯಾನ್ಸಲ್' ಒತ್ತಿದರೆ ಹಿಂದೆ ಸೇವ್ ಆದ ಅಂಕಿಗಳೇ ಕಾಣುತ್ತವೆ, ತೊಂದರೆ ಇಲ್ಲ. ಗಾಬರಿಯಲ್ಲಿ 'ಅಪ್‌ಡೇಟ್' ಒತ್ತಿದಿರೋ, ಆ ಹೊತ್ತಿಗೆ ಎಕ್ಸೆಲ್‌ನಲ್ಲಿ ಏನಿದೆಯೋ ಅದು ಪರದೆಗೆ ಬರುತ್ತದೆ. ಗುಮಾಸ್ತರು ಹಿಂದಿನ ರಾತ್ರಿ ಮುಂದಿನ ವರ್ಷದ ಲೆಕ್ಕಕ್ಕೆಂದು ಒಂದು ಸಾಲು ತಿದ್ದಿದ್ದರೆ ಅದೂ ಬರುತ್ತದೆ. ಸದಸ್ಯರ ಕೈಯಲ್ಲಿ ಅಚ್ಚಾದ ವರದಿ ಇದೆ, ಪರದೆಯಲ್ಲಿ ಬೇರೆ ಅಂಕಿ. ಸಾಲ ವಸೂಲಿಯ ಅಂಕಿ ಒಂದು ರೂಪಾಯಿ ಆಚೀಚೆ ಆದರೂ ಸಭೆಯಲ್ಲಿ ಬಿಡುತ್ತಾರಾ? ಇಲ್ಲಿ ಅಪಾಯ ವೈರಸ್‌ನದ್ದಲ್ಲ, ತಪ್ಪು ಲೆಕ್ಕದ್ದು.

ಅದಕ್ಕೆ ನಾನು ಈಗ ಮಾಡುವ ಕ್ರಮ ಇದು.

1. ಅಂಕಿಗಳು ಅಂತಿಮವಾದ ದಿನ ಪ್ರೆಸೆಂಟೇಶನ್ ತೆರೆದು, ಲಿಂಕ್‌ಗಳನ್ನು ಕೊನೆಯ ಸಲ ಅಪ್‌ಡೇಟ್ ಮಾಡಿ ಸೇವ್ ಮಾಡುತ್ತೇನೆ.
2. 'ಸೇವ್ ಆ್ಯಸ್' ಕೊಟ್ಟು 'ಸಭೆಗೆ' ಎಂಬ ಹೆಸರಿನಲ್ಲಿ ಇನ್ನೊಂದು ಪ್ರತಿ ಮಾಡುತ್ತೇನೆ. ಲಿಂಕ್ ಇರುವ ಮೂಲ ಫೈಲ್ ಹಾಗೇ ಉಳಿಯುತ್ತದೆ, ಮುಂದಿನ ವರ್ಷಕ್ಕೆ ಬೇಕು.
3. ಹೊಸ ಪ್ರತಿಯಲ್ಲಿ ಫೈಲ್, ಇನ್ಫೋಗೆ ಹೋದರೆ ಬಲಗಡೆ ಕೆಳಗೆ 'ಎಡಿಟ್ ಲಿಂಕ್ಸ್ ಟು ಫೈಲ್ಸ್' ಕಾಣುತ್ತದೆ. ಕಾಣದಿದ್ದರೆ ಆ ಬಗೆಯ ಲಿಂಕ್ ಯಾವುದೂ ಇಲ್ಲ.
4. ಪಟ್ಟಿಯಲ್ಲಿರುವುದನ್ನೆಲ್ಲ ಆರಿಸಿ 'ಬ್ರೇಕ್ ಲಿಂಕ್' ಒತ್ತಿ ಸೇವ್ ಮಾಡುತ್ತೇನೆ. ಪಟ್ಟಿಯ ಕೊನೆಯ ರೂಪ ಸ್ಲೈಡ್‌ನಲ್ಲಿ ಚಿತ್ರದಂತೆ ನಿಲ್ಲುತ್ತದೆ.

ಮುಗಿಯಿತು. ಇನ್ನು ಯಾರ ಲ್ಯಾಪ್‌ಟಾಪ್‌ನಲ್ಲಿ ತೆರೆದರೂ ಆ ಬಾಕ್ಸ್ ಬರುವುದಿಲ್ಲ. ಲಿಂಕ್ ಕಡಿಯಲು ಮನಸ್ಸಿಲ್ಲದಿದ್ದರೆ ಅದೇ ಕಿಟಕಿಯಲ್ಲಿ 'ಆಟೋಮ್ಯಾಟಿಕ್' ಬದಲು 'ಮ್ಯಾನ್ಯುಯಲ್' ಅಂತ ಬದಲಿಸಿಕೊಳ್ಳಬಹುದು. ಆಗ ನೀವಾಗಿ ಹೇಳುವವರೆಗೂ ಅದು ಎಕ್ಸೆಲ್ ಕಡೆ ತಿರುಗಿ ನೋಡುವುದಿಲ್ಲ. ಆದರೆ ಕಡಿದುಬಿಡುವುದೇ ನೆಮ್ಮದಿ ಅನ್ನೋದು ನನ್ನ ಅನುಭವ.

ಬಟನ್ ಒತ್ತಿದಾಗ ಬರುವ ಬಾಕ್ಸ್

ಇದೇ ಎಲ್ಲರೂ ಕೇಳುವ ಪ್ರಶ್ನೆ. 'ಎಡಿಟ್ ಲಿಂಕ್ಸ್' ಪಟ್ಟಿಯಲ್ಲಿ ಹೈಪರ್‌ಲಿಂಕ್‌ಗಳು ಇರುವುದಿಲ್ಲ, ಅಲ್ಲಿ ಹುಡುಕಿ ಸಮಯ ಕಳೆಯಬೇಡಿ. ಪಿಡಿಎಫ್, ವರ್ಡ್, ಎಕ್ಸೆಲ್ ಹೀಗೆ ಬೇರೆ ಫೈಲ್‌ಗೆ ಲಿಂಕ್ ಕೊಟ್ಟರೆ ಈ ಬಾಕ್ಸ್ ಬರಬಹುದು. ಅದೇ ಪ್ರೆಸೆಂಟೇಶನ್‌ನ ಇನ್ನೊಂದು ಸ್ಲೈಡ್‌ಗೆ ಲಿಂಕ್ ಕೊಟ್ಟರೆ ಬರುವುದಿಲ್ಲ. ನಮಗೆ ದಾರಿ ಇರುವುದೇ ಇಲ್ಲಿ.

ಯೋಚಿಸಿ ನೋಡಿ: ಮೂವತ್ತು ಪುಟದ ಆಡಿಟ್ ವರದಿಯಲ್ಲಿ ಸಭೆಗೆ ತೋರಿಸುವುದು ಎಷ್ಟು ಪುಟ? ಆಸ್ತಿ-ಜವಾಬ್ದಾರಿ ತಖ್ತೆ ಒಂದು, ಲಾಭ-ನಷ್ಟ ಒಂದು, ಆಡಿಟರ್ ಷರಾ ಒಂದು. ಪಿಡಿಎಫ್ ತೆರೆದು ಆ ಪುಟಗಳನ್ನು ವಿಂಡೋಸ್, ಶಿಫ್ಟ್, ಎಸ್ ಒಟ್ಟಿಗೆ ಒತ್ತಿ ಚಿತ್ರವಾಗಿ ಕತ್ತರಿಸಿಕೊಳ್ಳಿ. ಪ್ರೆಸೆಂಟೇಶನ್‌ನ ಕೊನೆಯಲ್ಲಿ ಮೂರು ಹೊಸ ಸ್ಲೈಡ್ ಮಾಡಿ ಅಂಟಿಸಿ. ಪುಟವನ್ನು ಆದಷ್ಟು ದೊಡ್ಡದು ಮಾಡಿಕೊಂಡು ಕತ್ತರಿಸಿ, ಇಲ್ಲದಿದ್ದರೆ ಪ್ರೊಜೆಕ್ಟರ್‌ನಲ್ಲಿ ಅಕ್ಷರ ಮಸುಕಾಗುತ್ತದೆ.

ಆಮೇಲೆ ಎಡಗಡೆಯ ಪಟ್ಟಿಯಲ್ಲಿ ಆ ಸ್ಲೈಡ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ 'ಹೈಡ್ ಸ್ಲೈಡ್' ಕೊಡಿ. ಸಾಲಾಗಿ ಹೋಗುವಾಗ ಅವು ಕಾಣುವುದಿಲ್ಲ, ಲಿಂಕ್ ಒತ್ತಿದರೆ ಮಾತ್ರ ತೆರೆಯುತ್ತವೆ. ಮೊದಲಿನ ಬಟನ್ ಆರಿಸಿ ಕಂಟ್ರೋಲ್-ಕೆ ಒತ್ತಿ, 'ಪ್ಲೇಸ್ ಇನ್ ದಿಸ್ ಡಾಕ್ಯುಮೆಂಟ್' ಆರಿಸಿ ಆ ಸ್ಲೈಡ್ ತೋರಿಸಿ. ವಾಪಸ್ ಬರಲೂ ಒಂದು ಬಟನ್ ಬೇಕು: ಒಂದು ಆಕಾರ ಬರೆದು, ಇನ್ಸರ್ಟ್ ಮೆನುವಿನ 'ಆ್ಯಕ್ಷನ್'ನಲ್ಲಿ 'ಲಾಸ್ಟ್ ಸ್ಲೈಡ್ ವ್ಯೂಡ್' ಕೊಡಿ. ನೋಡುವವರಿಗೆ ಫೈಲ್ ತೆರೆದು ಮುಚ್ಚಿದ ಹಾಗೇ ಅನ್ನಿಸುತ್ತದೆ.

ಬೇರೆ ಪ್ರೆಸೆಂಟೇಶನ್‌ಗೆ ಲಿಂಕ್ ಕೊಡುತ್ತಿದ್ದರೆ ಅದೂ ಬೇಡ. ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ಹೋಮ್ ಮೆನುವಿನ 'ನ್ಯೂ ಸ್ಲೈಡ್' ಕೆಳಗೆ 'ರೀಯೂಸ್ ಸ್ಲೈಡ್ಸ್' ಇತ್ತು. ಈಗ ಆ ಪ್ರೆಸೆಂಟೇಶನ್ ತೆರೆದು ಬೇಕಾದ ಸ್ಲೈಡ್‌ಗಳನ್ನು ಕಾಪಿ ಮಾಡಿ ಇದಕ್ಕೇ ಪೇಸ್ಟ್ ಮಾಡಿಕೊಳ್ಳಿ. ಹಳೆಯ ಬಣ್ಣ, ವಿನ್ಯಾಸ ಉಳಿಸಿಕೊಳ್ಳುವ ಆಯ್ಕೆಯೂ ಪೇಸ್ಟ್ ಮಾಡುವಾಗ ಸಿಗುತ್ತದೆ.

ಇಲ್ಲ, ಪೂರ್ತಿ ಪಿಡಿಎಫ್ ಅನ್ನೇ ತೆರೆದು ಯಾರು ಯಾವ ಪುಟ ಕೇಳಿದರೂ ತೋರಿಸಬೇಕು ಅನ್ನುತ್ತೀರಾ? ಹಾಗಾದರೆ ಲಿಂಕ್‌ನ ಹಂಗೇ ಬೇಡ. ಸಭೆ ಶುರುವಾಗುವ ಮೊದಲೇ ಪಿಡಿಎಫ್ ತೆರೆದು ಹಿಂದೆ ಇಟ್ಟುಕೊಳ್ಳಿ. ಸ್ಲೈಡ್ ಶೋ ನಡುವೆ ಆಲ್ಟ್-ಟ್ಯಾಬ್ ಒತ್ತಿದರೆ ಅದು ಮುಂದೆ ಬರುತ್ತದೆ, ಮತ್ತೆ ಒತ್ತಿದರೆ ಸ್ಲೈಡ್. ಹಳೇ ಕಾಲದ ಉಪಾಯ ಅನ್ನಿಸಬಹುದು, ಆದರೆ ಕೈಕೊಟ್ಟಿದ್ದು ನಾನು ನೋಡಿಲ್ಲ.

ಪಿಡಿಎಫ್ ಅನ್ನು ಇನ್ಸರ್ಟ್ ಆಬ್ಜೆಕ್ಟ್ ಮೂಲಕ ಸ್ಲೈಡ್‌ನ ಒಳಗೇ ಸೇರಿಸಿದರೆ ಸರಿಹೋಗುತ್ತೆ ಅಂತ ಕೆಲವರು ಹೇಳುತ್ತಾರೆ. ಫೈಲ್ ದಪ್ಪ ಆಗುತ್ತದೆ, ತೆರೆಯುವಾಗ ಮತ್ತೆ ಎಚ್ಚರಿಕೆ ಬರುವ ಸಾಧ್ಯತೆಯೂ ಇದ್ದೇ ಇದೆ. ಸುಮ್ನೆ ಕೆಲಸ.

ವಿಡಿಯೊ

ಪವರ್‌ಪಾಯಿಂಟ್ 2010ರಿಂದ ವಿಡಿಯೊ ಸೇರಿಸಿದರೆ ಅದು ಫೈಲ್‌ನ ಒಳಗೇ ಹೋಗುತ್ತದೆ. ನೀವು 'ಇನ್ಸರ್ಟ್' ಬಟನ್‌ನ ಪಕ್ಕದ ಬಾಣ ಒತ್ತಿ 'ಲಿಂಕ್ ಟು ಫೈಲ್' ಆರಿಸಿದ್ದರೆ ಮಾತ್ರ ಹೊರಗೆ ಉಳಿಯುತ್ತದೆ. ಅಳಿಸಿ, ಬರಿ 'ಇನ್ಸರ್ಟ್' ಒತ್ತಿ ಮತ್ತೆ ಸೇರಿಸಿ. ಗಾತ್ರ ಜಾಸ್ತಿ ಆದರೆ ಫೈಲ್, ಇನ್ಫೋದಲ್ಲಿ 'ಕಂಪ್ರೆಸ್ ಮೀಡಿಯಾ' ಇದೆ.

ಲಿಂಕ್ ಇರಲೇಬೇಕು ಅಂದರೆ ಎಲ್ಲ ಒಂದೇ ಫೋಲ್ಡರ್‌ನಲ್ಲಿ

ಮೊದಲು ಫೋಲ್ಡರ್ ಮಾಡಿ. ಪ್ರೆಸೆಂಟೇಶನ್ ಅದರಲ್ಲಿ ಸೇವ್ ಮಾಡಿ. ಲಿಂಕ್ ಆಗಬೇಕಾದ ಫೈಲ್‌ಗಳನ್ನೂ ಅದಕ್ಕೇ ತಂದು ಹಾಕಿ. ಲಿಂಕ್ ಕೊಡುವುದು ಇಷ್ಟಾದ ಮೇಲೆ. ಡೆಸ್ಕ್‌ಟಾಪ್‌ನಿಂದ ಒಂದು, ಡೌನ್‌ಲೋಡ್ಸ್‌ನಿಂದ ಒಂದು ಲಿಂಕ್ ಕೊಟ್ಟು ಆಮೇಲೆ ಎಲ್ಲವನ್ನೂ ಪೆನ್‌ಡ್ರೈವ್‌ಗೆ ಸುರಿದರೆ ಅದು ಹಳೆಯ ವಿಳಾಸವನ್ನೇ ಹುಡುಕುತ್ತಿರುತ್ತದೆ. ಪೆನ್‌ಡ್ರೈವ್ ಮೇಲಿಂದಲೇ ಲಿಂಕ್ ಕೊಟ್ಟರೂ ಕಷ್ಟ. ಮನೆಯಲ್ಲಿ ಇ ಡ್ರೈವ್ ಆಗಿದ್ದದ್ದು ಅಲ್ಲಿ ಎಫ್ ಆಗಿರುತ್ತದೆ.

ಫೈಲ್ ಹೆಸರು ಚಿಕ್ಕದಾಗಿರಲಿ. ಒಂದೇ ಫೈಲ್ ಎರಡು ಸಲ ಇಳಿಸಿದರೆ ಬ್ರೌಸರ್ ಹೆಸರಿನ ಕೊನೆಗೆ ಆವರಣದಲ್ಲಿ 1 ಅಂತ ಸೇರಿಸುತ್ತದೆ. ನಿಮ್ಮ ಲಿಂಕ್‌ಗೆ ಅದು ಬೇರೆಯೇ ಫೈಲ್.

ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಲ್ಲಿ 'ಪ್ಯಾಕೇಜ್ ಪ್ರೆಸೆಂಟೇಶನ್ ಫಾರ್ ಸಿಡಿ' ಅಂತ ಒಂದಿದೆ. ಸಿಡಿ ಹೆಸರು ನೋಡಿ ಬಿಟ್ಟುಬಿಡಬೇಡಿ. ಅದರಲ್ಲಿ 'ಕಾಪಿ ಟು ಫೋಲ್ಡರ್' ಒತ್ತಿದರೆ ಲಿಂಕ್ ಆದ ಫೈಲ್‌ಗಳನ್ನೂ ಹುಡುಕಿ ಒಂದು ಫೋಲ್ಡರ್‌ಗೆ ತುಂಬಿಕೊಡುತ್ತದೆ. ಆಪ್ಷನ್ಸ್‌ನಲ್ಲಿ ಫಾಂಟ್ ಸೇರಿಸುವ ಟಿಕ್ ಕೂಡ ಇದೆ. ನುಡಿ ಫಾಂಟ್‌ನಲ್ಲಿ ಬರೆದ ಸ್ಲೈಡ್ ಇದ್ದರೆ ಅದನ್ನು ಮರೆಯಬೇಡಿ. ಆ ಫಾಂಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣುತ್ತದೆ, ಎಚ್ಚರಿಕೆಯ ಬಾಕ್ಸ್‌ಗಿಂತ ಅದು ಹೆಚ್ಚು ಮಾನ ತೆಗೆಯುತ್ತದೆ.

ಟ್ರಸ್ಟೆಡ್ ಲೊಕೇಶನ್: ಬೇಕಾದವರಿಗೆ ಮಾತ್ರ

ದಿನಾ ಅದೇ ಕಂಪ್ಯೂಟರ್‌ನಲ್ಲಿ ಅದೇ ಪ್ರೆಸೆಂಟೇಶನ್ ತೋರಿಸುವವರಿಗೆ ಇದು ಉಪಯೋಗ. ಉದಾಹರಣೆಗೆ ಕ್ಲಾಸ್‌ರೂಮಿನ ಕಂಪ್ಯೂಟರ್. ಫೈಲ್, ಆಪ್ಷನ್ಸ್, ಟ್ರಸ್ಟ್ ಸೆಂಟರ್, ಟ್ರಸ್ಟ್ ಸೆಂಟರ್ ಸೆಟ್ಟಿಂಗ್ಸ್, ಟ್ರಸ್ಟೆಡ್ ಲೊಕೇಶನ್ಸ್ ಹೀಗೆ ಒಳಗೆ ಹೋಗಿ 'ಆ್ಯಡ್ ನ್ಯೂ ಲೊಕೇಶನ್' ಕೊಡಿ. ಅಲ್ಲಿ ಸೇರಿಸಿದ ಫೋಲ್ಡರ್‌ನ ಫೈಲ್‌ಗಳಿಗೆ ಹಳದಿ ಪಟ್ಟಿ ಬರುವುದಿಲ್ಲ. ಮ್ಯಾಕ್ರೋ ಕೂಡ ಕೇಳದೆ ಓಡುತ್ತದೆ, ಅದಕ್ಕೇ ಹುಷಾರು. ಆ ಕೆಲಸಕ್ಕೆಂದೇ ಒಂದು ಸಣ್ಣ ಫೋಲ್ಡರ್ ಮಾಡಿ. ಡೌನ್‌ಲೋಡ್ಸ್ ಫೋಲ್ಡರ್ ಅನ್ನೋ, ಇಡೀ ಡಿ ಡ್ರೈವ್ ಅನ್ನೋ ಸೇರಿಸಿದರೆ ಮನೆ ಬಾಗಿಲು ತೆಗೆದಿಟ್ಟು ಊರಿಗೆ ಹೋದ ಹಾಗೆ. ಬಟನ್ ಒತ್ತಿದಾಗಿನ ಹೈಪರ್‌ಲಿಂಕ್ ಬಾಕ್ಸ್ ಇದರಿಂದ ಹೋಗುತ್ತದೆ ಎಂದು ನಂಬಿಕೊಳ್ಳಬೇಡಿ, ಅದಕ್ಕೆ ಮೇಲೆ ಹೇಳಿದ ಹೈಡ್ ಸ್ಲೈಡ್ ದಾರಿಯೇ ಸರಿ. ಕಚೇರಿಯ ಕಂಪ್ಯೂಟರ್‌ನಲ್ಲಿ ಈ ಆಯ್ಕೆಗಳು ಬೂದು ಬಣ್ಣಕ್ಕೆ ತಿರುಗಿದ್ದರೆ ಅಲ್ಲಿನ ಐಟಿ ವಿಭಾಗ ಬೀಗ ಹಾಕಿದೆ ಎಂದರ್ಥ. ಅವರನ್ನೇ ಕೇಳಿ.

ಪವರ್‌ಪಾಯಿಂಟ್ ಅಲ್ಲದಿದ್ದರೆ

ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ಎಡಿಟ್ ಮೆನುವಿನಲ್ಲೇ 'ಲಿಂಕ್ಸ್ ಟು ಎಕ್ಸ್‌ಟರ್ನಲ್ ಫೈಲ್ಸ್' ಇದೆ, 'ಬ್ರೇಕ್ ಲಿಂಕ್' ಅಲ್ಲಿಯೂ ಸಿಗುತ್ತದೆ. ಮ್ಯಾಕ್‌ನ ಪವರ್‌ಪಾಯಿಂಟ್ ಹೊರಗಿನ ಫೈಲ್ ಮುಟ್ಟುವ ಮೊದಲು ಅನುಮತಿ ಕೇಳಬಹುದು, ಒಮ್ಮೆ ಮೊದಲೇ ಓಡಿಸಿ ಅನುಮತಿ ಕೊಟ್ಟಿಡಿ. ಗೂಗಲ್ ಸ್ಲೈಡ್ಸ್‌ನಲ್ಲಿ ವೈರಸ್ ಬಾಕ್ಸ್ ಬದಲು 'ರಿಕ್ವೆಸ್ಟ್ ಆ್ಯಕ್ಸೆಸ್' ಪುಟ ಬಂದು ಸತಾಯಿಸುತ್ತದೆ. ಡ್ರೈವ್‌ನಲ್ಲಿರುವ ಆ ಫೈಲ್‌ನ ಶೇರಿಂಗ್ ಸರಿಯಾಗಿದೆಯಾ ಅಂತ ಬೇರೆ ಅಕೌಂಟ್‌ನಿಂದ ತೆರೆದು ನೋಡಿ. ನಿಮ್ಮ ಅಕೌಂಟ್‌ನಲ್ಲಿ ಅದು ಯಾವಾಗಲೂ ತೆರೆದೇ ತೆರೆಯುತ್ತದೆ.

ಯಾರದೋ ಫೈಲ್‌ಗೆ ಈಗಾಗಲೇ 'ಯೆಸ್' ಒತ್ತಿಬಿಟ್ಟಿದ್ದರೆ

ಒತ್ತಿದ ಮೇಲೆ ಕಪ್ಪು ಕಿಟಕಿ ಮಿಂಚಿ ಮಾಯವಾಯಿತು, ಅಥವಾ ಏನೂ ತೆರೆಯಲೇ ಇಲ್ಲ ಅಂದರೆ ಮೊದಲು ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕಿತ್ತುಬಿಡಿ. ಕಚೇರಿಯದಾದರೆ ಐಟಿಯವರಿಗೆ ಆಗಲೇ ಹೇಳಿ, ಬೈಗುಳಕ್ಕೆ ಹೆದರಿ ಸಂಜೆವರೆಗೆ ಕಾಯಬೇಡಿ. ಸ್ವಂತದ್ದಾದರೆ ವಿಂಡೋಸ್ ಸೆಕ್ಯೂರಿಟಿಯಲ್ಲಿ ಪೂರ್ತಿ ಸ್ಕ್ಯಾನ್ ಓಡಿಸಿ. ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಬದಲಿಸಿ, ಆದರೆ ಆ ಕಂಪ್ಯೂಟರ್‌ನಿಂದಲ್ಲ, ಬೇರೆ ಫೋನಿನಿಂದ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.